ಗಟ್ಟಿ ನೆಲದ ಕೆಳಗೆ ಏನಿದೆ?

‘ನೆಲಕ್ಕೆ ಹಾರೆಯೇ ಇಳಿಯುತ್ತಿಲ್ಲ, ಪಕ್ಕದ ಕಟ್ಟಡವೂ ಭದ್ರವಾಗಿ ನಿಂತಿದೆ, ಮತ್ತೇಕೆ ಮಣ್ಣಿನ ಪರೀಕ್ಷೆ?’ ಕಟ್ಟಿಸುವವರು ಇಂದಿಗೂ ಕೇಳುವ ಈ ಪ್ರಶ್ನೆಗೆ 1913ರಲ್ಲೇ ಉತ್ತರ ಸಿಕ್ಕಿದೆ. ಕೆನಡಾದ ವಿನಿಪೆಗ್ ಬಳಿಯ ಟ್ರಾನ್ಸ್‌ಕೋನಾದಲ್ಲಿ ಹೊಸದಾಗಿ ಕಟ್ಟಿದ್ದ ದೈತ್ಯ ಕಣಜಕ್ಕೆ ಧಾನ್ಯ ತುಂಬುತ್ತಿದ್ದಾಗ ಅದು ಕುಸಿಯತೊಡಗಿತು. ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿತು. ಕಾಂಕ್ರೀಟಿಗೆ ಹೆಚ್ಚೇನೂ ಆಗಿರಲಿಲ್ಲ.

ಅಲ್ಲಿ ಪರೀಕ್ಷೆ ನಡೆದೇ ಇತ್ತು! ಅಡಿಪಾಯದ ಮಟ್ಟದಲ್ಲಿ ಸಣ್ಣ ಫಲಕವಿಟ್ಟು ಭಾರ ಹೇರಿದ್ದರು, ನೆಲ ತಡೆದುಕೊಂಡಿತ್ತು. ಆದರೆ ಒತ್ತಡ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ತಳದ ಅಗಲ: ಸ್ಥೂಲವಾಗಿ ಅದರ ಎರಡರಷ್ಟು ಆಳದವರೆಗೆ. ಅರ್ಧ ಮೀಟರಿನ ಫಲಕ ಒಂದು ಮೀಟರ್ ಮಣ್ಣನ್ನಷ್ಟೇ ಕೆಣಕಬಲ್ಲದು. ಸುಮಾರು 23 ಮೀಟರ್ ಅಗಲದ ಕಣಜ ಕೆಳಗಿನ ಪದರಗಳನ್ನೆಲ್ಲ ಒತ್ತಿತು. 1951ರಲ್ಲಿ ನೆಲ ಕೊರೆದು ನೋಡಿದಾಗ ಗಟ್ಟಿ ಜೇಡಿಯ ಅಡಿಯಲ್ಲಿ ಮೆತ್ತನೆಯ ಜೇಡಿ ಸಿಕ್ಕಿತು.

ಜೇಡಿಯ ಸ್ವಭಾವವೇ ವಿಸ್ಮಯಕಾರಿ. ಮೇಲೆ ಭಾರ ಬಿದ್ದೊಡನೆ ಅದನ್ನು ಹೊರುವುದು ಮಣ್ಣಿನ ಕಣಗಳಲ್ಲ, ಅವುಗಳ ನಡುವೆ ಸಿಕ್ಕಿಬಿದ್ದ ನೀರು. ರಂಧ್ರಗಳು ಅತಿ ಸೂಕ್ಷ್ಮವಾದ್ದರಿಂದ ಆ ನೀರು ಹೊರಬರಲು ವರ್ಷಗಳೇ ಬೇಕು. ನೀರು ಹೋದಷ್ಟೂ ಕಣಗಳು ಹತ್ತಿರವಾಗಿ ಭಾರಕ್ಕೆ ಹೆಗಲು ಕೊಡುತ್ತವೆ: ನೆಲ ತಗ್ಗುತ್ತದೆ, ಜೊತೆಗೆ ಬಲಿಯುತ್ತದೆ. 1920ರ ದಶಕದಲ್ಲಿ ಎಂಜಿನಿಯರ್ ಕಾರ್ಲ್ ಟೆರ್ಜಾಗಿ ಇದನ್ನು ಗಣಿತಕ್ಕೆ ಒಗ್ಗಿಸಿದರು. ಪೀಸಾದ ಗೋಪುರ ಉಳಿದಿರುವುದೂ ಇದರಿಂದಲೇ. 1173ರಲ್ಲಿ ಆರಂಭವಾದ ಕೆಲಸ ಕೆಲವೇ ವರ್ಷಗಳಲ್ಲಿ ನಿಂತು ಸುಮಾರು ಒಂದು ಶತಮಾನ ಸ್ಥಗಿತವಾಗಿತ್ತು. ಆ ಬಿಡುವಿನಲ್ಲಿ ಜೇಡಿ ಬಲಿಯಿತು. ಒಂದೇ ಸಮನೆ ಕಟ್ಟಿದ್ದರೆ ಗೋಪುರ ಅಂದೇ ಉರುಳುತ್ತಿತ್ತು.

ಆದ್ದರಿಂದಲೇ ನೆಲ ಕೊರೆಯಬೇಕು, ಸಾಕಷ್ಟು ಆಳಕ್ಕೆ ಕೊರೆಯಬೇಕು. ಕೊರೆದ ರಂಧ್ರದಲ್ಲಿ 63.5 ಕಿಲೋಗ್ರಾಂ ಸುತ್ತಿಗೆಯನ್ನು ಸುಮಾರು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತ, ಮಣ್ಣಿನ ಮಾದರಿ ಹಿಡಿಯುವ ಕೊಳವೆಯನ್ನು 45 ಸೆಂಟಿಮೀಟರ್ ಇಳಿಸುತ್ತಾರೆ. ಕೊರೆತದಿಂದ ಕದಡಿರುವ ಮೊದಲ 15 ಸೆಂಟಿಮೀಟರ್ ಲೆಕ್ಕಕ್ಕಿಲ್ಲ. ಉಳಿದ 30ಕ್ಕೆ ಬೇಕಾದ ಪೆಟ್ಟುಗಳ ಸಂಖ್ಯೆಯೇ ‘ಎನ್’ ಮೌಲ್ಯ. ಸಡಿಲ ಮರಳಿನಲ್ಲಿ ಅದು ಹತ್ತನ್ನೂ ಮುಟ್ಟದು. ಆ ಅಂಕಿ ಆ ಆಳಕ್ಕೆ ಮಾತ್ರ ಸೇರಿದ್ದು, ಇಡೀ ನಿವೇಶನಕ್ಕಲ್ಲ. ಮೆತ್ತನೆಯ ಜೇಡಿಯಲ್ಲಂತೂ ಪೆಟ್ಟೆಣಿಕೆಯನ್ನೇ ನೆಚ್ಚಿಕೊಳ್ಳಬಾರದು. ಕದಡದ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು.

ಕೊಳವೆ ಇಳಿಯದೆ ಹಟ ಹಿಡಿದರೆ ‘ಬಂಡೆ ಸಿಕ್ಕಿತು’ ಎಂದು ಯಂತ್ರ ಎತ್ತಿಬಿಡುವವರಿದ್ದಾರೆ. ಅದು ಮಣ್ಣಿನಲ್ಲಿ ಹುದುಗಿದ ಬಿಡಿ ಗುಂಡುಕಲ್ಲೂ ಆಗಿರಬಹುದು. ಇನ್ನೂ ಕೆಲವು ಮೀಟರ್ ಕಲ್ಲನ್ನೇ ಕೊರೆದು ಅದರ ತಿರುಳನ್ನು, ಅಂದರೆ ಕೋಲಿನಂಥ ಕಲ್ಲಿನ ತುಂಡನ್ನು, ಹೊರತೆಗೆಯುವವರೆಗೆ ಅದನ್ನು ತಳಬಂಡೆ ಎಂದು ಬರೆದುಕೊಳ್ಳುವಂತಿಲ್ಲ.