ಬಟನ್ ಒತ್ತಿದರೂ ಏಟು ಬೀಳುವುದಿಲ್ಲವೇಕೆ? ‘ಚೈನ್ ಆಫ್ ಮೆಮೊರೀಸ್’ ಆಟದ ಕಾರ್ಡಿನ ಲೆಕ್ಕ

ಓದುಗರ ಪ್ರಶ್ನೆ: ‘ಕಿಂಗ್‌ಡಮ್ ಹಾರ್ಟ್ಸ್: ಚೈನ್ ಆಫ್ ಮೆಮೊರೀಸ್’ ಆಡಲು ಶುರು ಮಾಡಿದ್ದೇನೆ. ಮೊದಲ ಆಟದಲ್ಲಿ ಬಟನ್ ಒತ್ತಿದರೆ ಸಾಕು, ನಾಯಕ ಸೋರಾ ಆಯುಧ ಬೀಸುತ್ತಿದ್ದ. ಇಲ್ಲಿ ಬೀಸಲು ಹೋದವನು ಅರ್ಧದಲ್ಲೇ ಮುಗ್ಗರಿಸುತ್ತಾನೆ, ಕಾರ್ಡುಗಳು ನೋಡನೋಡುತ್ತಿದ್ದಂತೆ ಖಾಲಿಯಾಗುತ್ತವೆ. ಲೆವೆಲ್ ಹೆಚ್ಚಿಸಿಕೊಂಡರೂ ಅದೇ ಕಥೆ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ದೋಷ ನಿಮ್ಮ ಬೆರಳುಗಳದ್ದಲ್ಲ. ಹೊಡೆದಾಟದ ಆಟ ಎಂದುಕೊಂಡು ನೀವು ಆಡುತ್ತಿರುವುದು ಅಸಲಿಗೆ ಹೊಡೆದಾಟದ ವೇಷ ತೊಟ್ಟ ಇಸ್ಪೀಟು. ಕೈಯಲ್ಲಿರುವ ದೊಡ್ಡ ಎಲೆಗಳನ್ನೆಲ್ಲ ಆರಂಭದಲ್ಲೇ ಎಸೆದು ಕುಳಿತವನಿಗೆ ಇಸ್ಪೀಟಿನಲ್ಲಿ ಏನಾಗುತ್ತದೋ, ಪಟಪಟನೆ ಬಟನ್ ಒತ್ತುವವರಿಗೆ ಇಲ್ಲಿ ಆಗುವುದೂ ಅದೇ.

ಈ ಗೊಂದಲಕ್ಕೆ ಅರ್ಧ ಕಾರಣ ಆಟದ ಹುಟ್ಟಿನಲ್ಲೇ ಇದೆ. 2002ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಮೊದಲ ‘ಕಿಂಗ್‌ಡಮ್ ಹಾರ್ಟ್ಸ್’ ಮೂರು ಆಯಾಮದಲ್ಲಿ ಓಡಾಡಿ ಬಡಿದಾಡುವ ಆಟ. ಅದರ ಮುಂದಿನ ಕಥೆಯನ್ನು ಸ್ಕ್ವೇರ್ ಎನಿಕ್ಸ್ ಸಂಸ್ಥೆ ಜುಪಿಟರ್ ಎಂಬ ಇನ್ನೊಂದು ಜಪಾನಿ ಸಂಸ್ಥೆಯ ಜೊತೆಗೂಡಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಇಳಿಸಿತು. 2004ರ ಕೊನೆಯಲ್ಲಿ ಅದು ಜಪಾನಿನಲ್ಲೂ ಅಮೆರಿಕದಲ್ಲೂ ಅಂಗಡಿಗೆ ಬಂತು. ಅಂಗೈಯಗಲದ ಯಂತ್ರ, 240×160 ಚುಕ್ಕಿಗಳ ಪರದೆ, ಬಲಗಡೆ ಎ ಮತ್ತು ಬಿ, ಮೇಲಂಚಿನಲ್ಲಿ ಎಲ್ ಮತ್ತು ಆರ್ ಬಟನ್‌ಗಳು. ಹಳೆಯ ಹೊಡೆದಾಟವನ್ನು ಇದ್ದಂತೆಯೇ ಅದರೊಳಗೆ ತುರುಕುವಂತಿರಲಿಲ್ಲ. ಕಥೆಯೂ ಇದಕ್ಕೆ ಒಳ್ಳೆಯ ನೆಪ ಒದಗಿಸುತ್ತದೆ: ಕ್ಯಾಸಲ್ ಒಬ್ಲಿವಿಯನ್ ಎಂಬ ಕೋಟೆಗೆ ಕಾಲಿಟ್ಟ ಕ್ಷಣದಿಂದ ಸೋರಾ ಕಲಿತ ವಿದ್ಯೆಯನ್ನೆಲ್ಲ ಮರೆಯುತ್ತಾನೆ. ಇನ್ನು ಮುಂದೆ ಕೀಲಿಯಾಕಾರದ ಆಯುಧವಾದ ಕೀಬ್ಲೇಡ್ ಬೀಸುವುದು, ಮಂತ್ರ ಹಾಕುವುದು, ಜೊತೆಗಾರರಾದ ಡೊನಾಲ್ಡ್ ಮತ್ತು ಗೂಫಿಯನ್ನು ನೆರವಿಗೆ ಕರೆಯುವುದು ಎಲ್ಲವೂ ಕಾರ್ಡಿನ ಮೂಲಕವೇ. ಓಟ, ಜಿಗಿತ, ಉರುಳಿ ತಪ್ಪಿಸಿಕೊಳ್ಳುವುದು ಮಾತ್ರ ಮೊದಲಿನಂತೆ ಉಳಿದಿವೆ. ಕಣ್ಣಿಗೆ ಹಳೆಯ ಆಟದಂತೆಯೇ ಕಾಣುವುದರಿಂದ ಬೆರಳುಗಳೂ ಹಳೆಯ ಅಭ್ಯಾಸಕ್ಕೇ ಬೀಳುತ್ತವೆ.

ಈಗ ಮೂಲ ನಿಯಮಕ್ಕೆ ಬರೋಣ. ಪ್ರತಿ ದಾಳಿ ಕಾರ್ಡಿನ ಮೇಲೂ 0ಯಿಂದ 9ರವರೆಗಿನ ಒಂದು ಸಂಖ್ಯೆ ಇರುತ್ತದೆ. ಹೊಸಬರು ಇದನ್ನು ಏಟಿನ ಬಲವೆಂದು ಓದುತ್ತಾರೆ. 9 ಎಂದರೆ ಜೋರು, 2 ಎಂದರೆ ಮೆಲ್ಲಗೆ ಎಂದು. ಆದರೆ ಏಟಿನ ಜೋರನ್ನು ಹೇಳುವುದು ಕಾರ್ಡಿನ ಮೇಲಿರುವ ಕೀಬ್ಲೇಡಿನ ಜಾತಿ. ಮೆಟಲ್ ಚೊಕೊಬೊ ಬಲವಾಗಿ ಬಡಿಯುತ್ತದೆ, ಆದರೆ ಬೀಸುವುದು ನಿಧಾನ; ಕಿಂಗ್‌ಡಮ್ ಕೀ ಎಲ್ಲದರಲ್ಲೂ ಸಾಧಾರಣ. ಸಂಖ್ಯೆ ಹೇಳುವುದು ಬೇರೆಯದೇ ಸಂಗತಿಯನ್ನು: ಈ ಏಟು ಹೊಡೆಯುವ ಹಕ್ಕು ನಿಮಗಿದೆಯೇ ಇಲ್ಲವೇ ಎಂಬುದನ್ನು. ಶತ್ರುಗಳೂ ಕಾರ್ಡು ಎಸೆದೇ ದಾಳಿ ಮಾಡುತ್ತಾರೆ. ಎರಡು ಕಾರ್ಡುಗಳು ಎದುರಾದಾಗ ದೊಡ್ಡ ಸಂಖ್ಯೆ ಉಳಿಯುತ್ತದೆ, ಸಣ್ಣದು ಒಡೆಯುತ್ತದೆ, ಒಡೆದವನು ಕೆಲಹೊತ್ತು ತತ್ತರಿಸುತ್ತಾನೆ. ನೀವು ನೋಡುತ್ತಿರುವ ಮುಗ್ಗರಿಸುವಿಕೆ ಇದೇ.

ಒಂದು ಸುತ್ತನ್ನು ನಿಧಾನವಾಗಿ ನೋಡಿ. ನೀವು 5 ಹಾಕಿ ಬೀಸಲು ಹೊರಟಿದ್ದೀರಿ. ಏಟು ಮುಗಿಯುವ ಮೊದಲೇ ಎದುರಾಳಿ 7 ಹಾಕಿದ. ನಿಮ್ಮ 5 ಒಡೆಯಿತು, ಸೋರಾ ತತ್ತರಿಸಿದ, ಅವನ ಏಟು ನಿಮ್ಮ ಮೇಲೆ ಬಿತ್ತು, ಮೇಲಾಗಿ ಆ 5 ಖರ್ಚಾದ ಲೆಕ್ಕಕ್ಕೆ ಸೇರಿತು. ಅವನು 7ರ ಬದಲು 3 ಹಾಕಿದ್ದರೆ ಒಡೆಯುತ್ತಿದ್ದದ್ದು ಅವನ ಕಾರ್ಡು. 5ಕ್ಕೆ 5 ಬಿದ್ದಿದ್ದರೆ ಎರಡೂ ರದ್ದು. ಇಷ್ಟನ್ನು ನಿಯಮವಾಗಿ ಆಟವೇ ಹೇಳಿಕೊಡುತ್ತದೆ. ಅದರಿಂದ ಹೊರಡುವ ಪಾಠವನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ: ಎರಡನೆಯವನಾಗಿ ಆಡುವವನಿಗೇ ಇಲ್ಲಿ ಅನುಕೂಲ. ಎದುರಾಳಿಯ ಸಂಖ್ಯೆ ಪರದೆಯ ಮೇಲೆ ಕಾಣುತ್ತದೆ. ಕಂಡ ಮೇಲೆ ಅದಕ್ಕಿಂತ ಒಂದು ಹೆಚ್ಚಿನದನ್ನು ಹಾಕಿದರೆ ಸಾಕು. 6ನ್ನು ಒಡೆಯಲು 9 ಖರ್ಚು ಮಾಡುವುದು ದುಂದು.

ಸೊನ್ನೆಯ ವಿಷಯ ಇನ್ನೂ ಸ್ವಾರಸ್ಯ. ಕೊನೆಯಲ್ಲಿ ಬಿದ್ದ 0 ಎಂಥ ಕಾರ್ಡನ್ನಾದರೂ ಒಡೆಯುತ್ತದೆ; ಮೊದಲು ಬಿದ್ದ 0ಯನ್ನು ಎಂಥ ಕಾರ್ಡಾದರೂ ಒಡೆಯುತ್ತದೆ. ಇದನ್ನು ಆಯುಧವೆಂದು ಎಣಿಸದೆ ಅಡ್ಡಗಾಲೆಂದು ಎಣಿಸಿ. ಬಾಸ್, ಅಂದರೆ ದೊಡ್ಡ ಎದುರಾಳಿ, ಮೂರು ಕಾರ್ಡು ಕೂಡಿಸಿ ಇಪ್ಪತ್ತರ ಮೇಲಿನ ಮೊತ್ತದ ದಾಳಿ ಶುರು ಮಾಡಿದಾಗ ನಿಮ್ಮ ಯಾವ ಒಂಟಿ ಕಾರ್ಡಿಗೂ ಅದು ಬಗ್ಗುವುದಿಲ್ಲ, ಸೊನ್ನೆಯೊಂದನ್ನು ಬಿಟ್ಟು. ಮೊದಲ ಮಹಡಿ ಮುಗಿಯುತ್ತಿದ್ದಂತೆ ದಾರಿಗೆ ಅಡ್ಡ ನಿಲ್ಲುವ ಆಕ್ಸೆಲ್ ಇದನ್ನು ಕಲಿಯಲು ತಕ್ಕ ಎದುರಾಳಿ. ಅವನ ಬಳಿಗೆ ಓಡಿ ಬಡಿಯುವುದನ್ನು ಬಿಟ್ಟು ದೂರ ನಿಲ್ಲಿ, ಕೈಯಲ್ಲಿ 0 ಅಥವಾ ದೊಡ್ಡ ಸಂಖ್ಯೆ ಹಿಡಿದು ಕಾಯಿರಿ. ಅವನು ಕಾರ್ಡು ಎಸೆದಾಗ ಒಡೆಯಿರಿ. ಅವನು ತತ್ತರಿಸುವ ಆ ಗಳಿಗೆಯಲ್ಲಿ ನುಗ್ಗಿ ಮೂರು ದಾಳಿ ಕಾರ್ಡುಗಳನ್ನು ಸಾಲಾಗಿ ಆಡಿ; ಮೂರನೆಯದು ಸಹಜವಾಗಿಯೇ ಮುಕ್ತಾಯದ ದೊಡ್ಡ ಏಟಾಗುತ್ತದೆ. ಆಗ ನಿಮ್ಮ 1, 2ರಂಥ ಬಡ ಕಾರ್ಡುಗಳೂ ಕೆಲಸಕ್ಕೆ ಬರುತ್ತವೆ, ಒಡೆಯಲು ಅವನ ಕೈ ಆಡುತ್ತಿಲ್ಲವಲ್ಲ. ಅವನು ಸೋತಾಗ ಸಿಗುವ ಫೈರ್ ಮಂತ್ರದ ಕಾರ್ಡು ಮುಂದಿನ ಮಹಡಿಗಳಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಕಾರ್ಡು ಖಾಲಿಯಾಗುವ ನಿಮ್ಮ ಎರಡನೆಯ ದೂರು ರೀಲೋಡ್‌ಗೆ, ಅಂದರೆ ಖರ್ಚಾದ ಕಾರ್ಡುಗಳನ್ನು ಮರಳಿ ಪಡೆಯುವುದಕ್ಕೆ ಸಂಬಂಧಿಸಿದ್ದು. ಡೆಕ್ (ನಿಮ್ಮ ಕಾರ್ಡುಗಳ ಕಟ್ಟು) ಮುಗಿದಾಗ ಅದರ ಕೊನೆಯಲ್ಲಿರುವ ರೀಲೋಡ್ ಕಾರ್ಡಿಗೆ ಹೋಗಿ ಬಟನ್ ಒತ್ತಿ ಹಿಡಿಯಬೇಕು. ಮೊದಲ ಸಲ ಬೇಗ ಮುಗಿಯುತ್ತದೆ. ಪ್ರತಿ ರೀಲೋಡಿಗೂ ಅಲ್ಲಿನ ಎಣಿಕೆ ಒಂದೊಂದು ಏರಿ 3ಕ್ಕೆ ನಿಲ್ಲುತ್ತದೆ, ಕಾಯುವ ಹೊತ್ತೂ ಅದರಂತೆ ಬೆಳೆಯುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಕೈಯಲ್ಲಿ ಏನೂ ಇಲ್ಲವೆಂಬುದು ಬಾಸಿಗೂ ಅನುಕೂಲ. ಆದ್ದರಿಂದ ಗುರಿ ಸಿಗದ ದೂರದಿಂದ ಗಾಳಿಯಲ್ಲಿ ಬೀಸಿದ ಒಂದೊಂದು ಏಟೂ ಬಾಕಿಯಾಗಿ ನಿಂತು ಕೊನೆಗೆ ನಿಮ್ಮ ತಲೆಯ ಮೇಲೇ ಬೀಳುತ್ತದೆ. ಪೋಷನ್, ಈಥರ್ ಎಂಬ ವಸ್ತು ಕಾರ್ಡುಗಳಿರುವುದು ಇದಕ್ಕೇ. ಹೆಸರು ಕೇಳಿ ಗಾಯ ವಾಸಿಯಾಗುತ್ತದೆ ಎಂದುಕೊಳ್ಳಬೇಡಿ. ಪೋಷನ್ ದಾಳಿ ಕಾರ್ಡುಗಳನ್ನು, ಈಥರ್ ಮಂತ್ರದ ಕಾರ್ಡುಗಳನ್ನು ಕಾಯಿಸದೆ ಮರಳಿಸುತ್ತದೆ. ಗಾಯಕ್ಕೆ ಕ್ಯೂರ್ ಮಂತ್ರ ಬೇಕು. ಹೀಗೆ ಹಳೆಯ ಹೆಸರಿಗೆ ಹೊಸ ಕೆಲಸ ಹಚ್ಚಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆಟಗಾರರನ್ನು ವಿನಾಕಾರಣ ದಾರಿ ತಪ್ಪಿಸುವ ಕೆಲಸವಿದು. ವಸ್ತು ಕಾರ್ಡು ಒಂದು ಕಾಳಗದಲ್ಲಿ ಒಮ್ಮೆ ಬಳಸಿದರೆ ಮುಗಿಯಿತು, ರೀಲೋಡಿಗೂ ಮರಳಿ ಬರುವುದಿಲ್ಲ.

ಕಾರ್ಡು ಸೋರಿಹೋಗುವ ಇನ್ನೊಂದು ತೂತು ಸ್ಲೈಟ್. ಎಲ್ ಮತ್ತು ಆರ್ ಒಟ್ಟಿಗೆ ಒತ್ತಿದರೆ ಕೈಯಲ್ಲಿರುವ ಕಾರ್ಡು ಬದಿಗೆ ಸೇರುತ್ತದೆ. ಮೂರು ಸೇರಿದ ಮೇಲೆ ಮತ್ತೆ ಒತ್ತಿದರೆ ಮೂರೂ ಒಂದೇ ದಾಳಿಯಾಗಿ ಹೊರಡುತ್ತವೆ, ಅವುಗಳ ಸಂಖ್ಯೆಗಳ ಮೊತ್ತವೇ ದಾಳಿಯ ಸಂಖ್ಯೆ. ಮೂರು 9 ಸೇರಿದರೆ 27, ಅದನ್ನು ಸೊನ್ನೆಯನ್ನುಳಿದು ಸಾಮಾನ್ಯ ಕಾರ್ಡು ಅಲುಗಿಸಲಾರದು. ಕೆಲವು ಜೋಡಣೆಗಳಿಗೆ ವಿಶೇಷ ದಾಳಿಗಳೇ ಇವೆ: ಎರಡು ಫೈರ್ ಸೇರಿ ಫೈರಾ, ಮೂರು ಸೇರಿ ಫೈರಗಾ, ಎರಡು ಕ್ಯೂರ್ ಸೇರಿ ಕ್ಯೂರಾ. ನೋಡಲು ಭರ್ಜರಿ. ಬೆಲೆಯೂ ಇದೆ. ಗುಂಪಿನಲ್ಲಿ ಮೊದಲು ಸೇರಿಸಿದ ಕಾರ್ಡು ಆ ಕಾಳಗ ಮುಗಿಯುವವರೆಗೆ ಡೆಕ್‌ನಿಂದ ಹೊರಗೆ. ಸಾಮಾನ್ಯ ರೀಲೋಡು ಅದನ್ನು ತರುವುದಿಲ್ಲ. ಸ್ಲೈಟಿನ ಮೇಲೆ ಸ್ಲೈಟ್ ಹಾಕುತ್ತ ಹೋದರೆ ಡೆಕ್ ಸವೆಯುತ್ತ ಸವೆಯುತ್ತ ಕೊನೆಗೆ ನಾಲ್ಕೈದು ಕಾರ್ಡಿಗೆ ಬಂದು ನಿಲ್ಲುತ್ತದೆ.

ಇಲ್ಲಿ ಒಂದು ಜಾಣ ಉಪಾಯವಿದೆ. ಥಳಥಳಿಸುವ ಪ್ರೀಮಿಯಂ ಕಾರ್ಡುಗಳನ್ನು ನೋಡಿರುತ್ತೀರಿ. ಅವುಗಳನ್ನು ಡೆಕ್‌ಗೆ ಸೇರಿಸುವ ಖರ್ಚು ಕಡಿಮೆ, ಆದರೆ ಒಮ್ಮೆ ಆಡಿದರೆ ರೀಲೋಡಿಗೆ ಮರಳಿ ಬರುವುದಿಲ್ಲ. ಹೊಳಪಿಗೆ ಮರುಳಾಗಿ ಡೆಕ್ ತುಂಬ ಅವನ್ನೇ ಪೇರಿಸಿದವರು ಮೊದಲ ಸುತ್ತು ಮುಗಿದ ಮೇಲೆ ಬರಿಗೈ. ಹೇಗೂ ಕಳೆದುಹೋಗಲಿರುವ ಜಾಗ ಒಂದಿದೆಯಲ್ಲ, ಸ್ಲೈಟಿನ ಮೊದಲ ಜಾಗ, ಅಲ್ಲಿ ಪ್ರೀಮಿಯಂ ಕಾರ್ಡು ಇಟ್ಟುಬಿಡಿ. ನಷ್ಟ ಒಂದೇ, ಉಳಿತಾಯವೂ ಆಯಿತು.

ಖರ್ಚು ಎಂದೆನಲ್ಲ, ಲೆವೆಲ್ ಬಗ್ಗೆ ನೀವು ಕೇಳಿದ್ದಕ್ಕೂ ಅದೇ ಉತ್ತರ. ಪ್ರತಿ ಕಾರ್ಡಿಗೂ ಸಿಪಿ ಎಂಬ ಬೆಲೆಯಿದೆ. ಸಂಖ್ಯೆ ದೊಡ್ಡದಾದಷ್ಟೂ ಬೆಲೆ ಹೆಚ್ಚು, ಸೊನ್ನೆ ಎಲ್ಲಕ್ಕಿಂತ ದುಬಾರಿ. ನಿಮ್ಮ ಒಟ್ಟು ಸಿಪಿಯೊಳಗೆ ಡೆಕ್ ಹೊಂದಿಸಬೇಕು. ಲೆವೆಲ್ ಏರಿದಾಗ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲು ಆಟ ಕೇಳುತ್ತದೆ: ಜೀವದ ಗೆರೆ, ಸಿಪಿ, ಇಲ್ಲವೇ ಹೊಸ ಸ್ಲೈಟ್. ಏಟು ತಿಂದು ತಿಂದು ಬೇಸತ್ತವರು ಪ್ರತಿ ಸಲವೂ ಜೀವದ ಗೆರೆಯನ್ನೇ ಬೆಳೆಸುತ್ತಾರೆ. ಹಾಗೆ ಬೆಳೆದ ಸೋರಾ ಏಟು ತಾಳಿಕೊಂಡು ಹೆಚ್ಚು ಹೊತ್ತು ನಿಲ್ಲುತ್ತಾನೆ, ಅಷ್ಟೆ. ಕೈಯಲ್ಲಿರುವುದು ಮೊದಲಿನ ಬಡ ಡೆಕ್ಕೇ ಆದ್ದರಿಂದ ಒಡೆಸಿಕೊಳ್ಳುವುದು ತಪ್ಪುವುದಿಲ್ಲ. ನನ್ನ ಮಾತು ಕೇಳುವುದಾದರೆ ಆರಂಭದ ಲೆವೆಲ್‌ಗಳಲ್ಲಿ ಹೆಚ್ಚು ಪಾಲು ಸಿಪಿಗೇ ಹಾಕಿ. ಸ್ಲೈಟ್ ಬಂದಾಗ ತೆಗೆದುಕೊಳ್ಳಿ.

ಡೆಕ್ ಜೋಡಿಸುವ ಕ್ರಮಕ್ಕೂ ಬೆಲೆಯಿದೆ, ಏಕೆಂದರೆ ಇಲ್ಲಿ ಕಲೆಸುವುದಿಲ್ಲ. ನೀವು ಇಟ್ಟ ಸಾಲಿನಲ್ಲೇ ಕಾರ್ಡುಗಳು ಬರುತ್ತವೆ. ಮೂರು ಮೂರಾಗಿ ಯೋಚಿಸಿ. ಒಟ್ಟಿಗೆ ಹೊರಡಬೇಕಾದ ಮೂರು ಪಕ್ಕಪಕ್ಕದಲ್ಲಿರಲಿ, ಹುಡುಕುವ ತಾಪತ್ರಯ ತಪ್ಪುತ್ತದೆ. ಸೊನ್ನೆ ಮತ್ತು ಕ್ಯೂರ್ ಸಾಲಿನ ತುದಿಯಲ್ಲಿರಲಿ. ಸಾಲು ಬಳೆಯಂತೆ ಸುತ್ತುವುದರಿಂದ ಮೊದಲ ಕಾರ್ಡಿನಿಂದ ಹಿಮ್ಮುಖವಾಗಿ ತಿರುಗಿಸಿದರೆ ತಟ್ಟನೆ ಅಲ್ಲಿಗೇ ತಲುಪುತ್ತೀರಿ. ಬಾಸ್ ಕೈ ಎತ್ತಿದಾಗ ಇಪ್ಪತ್ತು ಕಾರ್ಡು ದಾಟಿ ಸೊನ್ನೆ ಹುಡುಕುವ ಪಾಡು ಬೇಡ. ಮೂರು ಡೆಕ್ ಇಟ್ಟುಕೊಳ್ಳಲು ಆಟ ಬಿಡುತ್ತದೆ. ಒಂದನ್ನು ಹಾರ್ಟ್‌ಲೆಸ್ ಎಂಬ ಸಾಮಾನ್ಯ ಶತ್ರುಗಳಿಗೆ, ಒಂದನ್ನು ಬಾಸ್‌ಗಳಿಗೆ ಮೀಸಲಿಡಿ. ಹೊಸ ಕಾರ್ಡು ಬೇಕಾದರೆ ಕೋಣೆಗಳಲ್ಲಿನ ದೀಪ, ಪೀಪಾಯಿಗಳನ್ನು ಬಡಿದು ಬರುವ ಅಂಕಗಳನ್ನು ಮೂಗಲ್ ಅಂಗಡಿಗೆ ಸುರಿಯಬೇಕು.

ಸೋತ ಶತ್ರುಗಳಿಂದ ಸಿಗುವ, ವಿಶೇಷ ಶಕ್ತಿ ಕೊಡುವ ಶತ್ರು ಕಾರ್ಡುಗಳ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಒಂದನ್ನು ಮಾತ್ರ ನೆನಪಿಡಿ: ಅಗ್ರಬಾ ಲೋಕದ ಜಾಫರ್‌ನ ಕಾರ್ಡು ಹಾಕಿಕೊಂಡರೆ ಸ್ವಲ್ಪ ಹೊತ್ತು ನಿಮ್ಮ ದಾಳಿ ಕಾರ್ಡುಗಳನ್ನು ಯಾರೂ ಒಡೆಯಲಾರರು. ಸಿಪಿ ಬಹಳ ನುಂಗುತ್ತದೆ, ಆದರೆ ಕೊನೆಯ ಮಹಡಿಗಳಲ್ಲಿ ಅದರ ಋಣ ತೀರಿಸಲಾಗದು.

ಸೋರಾನ ಕಥೆ ಮುಗಿಸಿದವರಿಗೆ ತೆರೆಯುವ, ಅವನ ಗೆಳೆಯ ರಿಕುವಿನ ಭಾಗದಲ್ಲಿ ಈ ಜೋಡಣೆಯ ಕೆಲಸವೇ ಇಲ್ಲ. ರಿಕುವಿನ ಡೆಕ್ಕನ್ನು ಪ್ರತಿ ಲೋಕದಲ್ಲೂ ಆಟವೇ ಕೊಡುತ್ತದೆ, ಬದಲಿಸುವಂತಿಲ್ಲ. ರೀಲೋಡ್ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ. ಕಾರ್ಡು ಒಡೆಯುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ, ಅದನ್ನು ಆಟದ ಕೊನೆಗೆ ಇಟ್ಟಿದ್ದಾರೆ ಎಂಬುದೊಂದೇ ಕೊರತೆ. ಇದೇ ಕಾರ್ಡು ಪದ್ಧತಿಯನ್ನು ಇಟ್ಟುಕೊಂಡು 2007ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಮೂರು ಆಯಾಮದ ಮರುರೂಪ ಬಂತು, ಈಗ ಕಂಪ್ಯೂಟರಿನಲ್ಲಿ ಸಿಗುವುದು ಅದೇ. ಇಲ್ಲಿ ಹೇಳಿದ್ದು ಹೆಚ್ಚುಕಡಿಮೆ ಅಲ್ಲಿಗೂ ಸಲ್ಲುತ್ತದೆ, ಆದರೂ ಈ ಲೆಕ್ಕಾಚಾರಕ್ಕೆ ಹಳೆಯ ಎರಡು ಆಯಾಮದ ಪರದೆಯೇ ಹೆಚ್ಚು ಒಗ್ಗುತ್ತದೆ ಎಂದು ನನ್ನ ಅಭಿಪ್ರಾಯ. ಎದುರಾಳಿ ಬೆನ್ನ ಹಿಂದೆ ಮರೆಯಾಗುವುದಿಲ್ಲ.

ಅಭ್ಯಾಸ ಎಲ್ಲಿ ಮಾಡುವುದು ಎಂದರೆ, ಕೋಟೆಯ ಬಾಗಿಲುಗಳಲ್ಲೇ. ಬಾಗಿಲಿಗೆ ಯಾವ ನಕ್ಷೆ ಕಾರ್ಡು ಕೊಡುತ್ತೀರೋ ಒಳಗಿನ ಕೋಣೆ ಅದರಂತೆ ಹುಟ್ಟುತ್ತದೆ. ಹೆಚ್ಚಿನವರು ಕೈಗೆ ಸಿಕ್ಕಿದ್ದನ್ನು ಕೊಟ್ಟು ಒಳಗೆ ನುಗ್ಗುತ್ತಾರೆ. ‘ಫೀಬಲ್ ಡಾರ್ಕ್‌ನೆಸ್’ ಕೊಟ್ಟರೆ ಆ ಕೋಣೆಯ ಶತ್ರುಗಳ ಸಂಖ್ಯೆಗಳು ಇಳಿಯುತ್ತವೆ, ‘ಮಾರ್ಷಲ್ ವೇಕಿಂಗ್’ ಕೊಟ್ಟರೆ ನಿಮ್ಮ ದಾಳಿ ಕಾರ್ಡುಗಳ ಸಂಖ್ಯೆಗಳು ಏರುತ್ತವೆ. ‘ಆಲ್‌ಮೈಟಿ ಡಾರ್ಕ್‌ನೆಸ್’ ಮಾತ್ರ ಶತ್ರುಗಳನ್ನೇ ಬಲಪಡಿಸುತ್ತದೆ, ಸದ್ಯಕ್ಕೆ ಅದನ್ನು ಮುಟ್ಟಬೇಡಿ. ಒಳಗೆ ಹೋದ ಮೇಲೆ ಅಡ್ಡಾಡುವ ಹಾರ್ಟ್‌ಲೆಸ್‌ಗೆ ಅದು ನಿಮ್ಮನ್ನು ಮುಟ್ಟುವ ಮೊದಲೇ ಒಂದು ಏಟು ಕೊಡಿ. ಕಾಳಗ ಶುರುವಾದಾಗ ಅವು ಕ್ಷಣಕಾಲ ಮರಗಟ್ಟಿ ನಿಂತಿರುತ್ತವೆ. ಆ ಕ್ಷಣವನ್ನು ಬಡಿಯಲು ಬಳಸಬೇಡಿ. ಡೆಕ್ಕನ್ನು ಹಿಂದಕ್ಕೆ ತಿರುಗಿಸಿ, ಸೊನ್ನೆ ಕೈಗೆ ತಂದುಕೊಂಡು, ಅವು ಮೊದಲ ಕಾರ್ಡು ಎಸೆಯುವವರೆಗೆ ಕಾಯಿರಿ.