ತೋಟದ ಮಣ್ಣಿನ ತಾಮ್ರವನ್ನ ಮಳೆ ತೊಳೆಯುತ್ತಾ?

"ಮೂವತ್ತು ವರ್ಷದಿಂದ ಕಾಫಿಗೆ ಬೋರ್ಡೋ ಹೊಡೀತಿದ್ದೀವಿ. ತೋಟದಲ್ಲೇ ಸೊಪ್ಪು ತರಕಾರಿ ಬೆಳೆದು ತಿಂದರೆ ತೊಂದರೆನಾ? ಹೇಗೂ ನಮ್ಮ ಮಳೆಗೆ ಎಲ್ಲಾ ತೊಳ್ಕೊಂಡು ಹೋಗಿರುತ್ತೆ ಅಲ್ವಾ?"

ಬೋರ್ಡೋ ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ನೀರಲ್ಲಿ ಕಲಸಿ ಶಿಲೀಂಧ್ರ ರೋಗಕ್ಕೆ ಹೊಡೆಯೋ ದ್ರಾವಣ. ಈ ಸಲ ಕೇಳಿದವರು ಮೂಡಿಗೆರೆ ಕಡೆಯವರು. ಹೋದ ವರ್ಷ ಸಕಲೇಶಪುರದವರು ಕೇಳಿದ್ದರು, ಅದಕ್ಕೂ ಮುಂಚೆ ಕೊಪ್ಪದವರು.

ಮೊದಲ ಅರ್ಧಕ್ಕೆ ಉತ್ತರ ಚಿಕ್ಕದು. ಮಣ್ಣಲ್ಲಿ ತಾಮ್ರ ಜಾಸ್ತಿಯಾದರೆ ಸಾಮಾನ್ಯವಾಗಿ ನಿಮಗಿಂತ ಮೊದಲು ನರಳೋದು ಗಿಡದ ಬೇರು ಮತ್ತು ಎರೆಹುಳು. ಸೊಪ್ಪಿಗೆ ಮೆತ್ತಿದ ಮಣ್ಣು ಹೋಗೋ ಹಾಗೆ ತೊಳೆದು ತಿನ್ನಿ.

ಎರಡನೇ ಅರ್ಧ ಇದೆಯಲ್ಲ, ಅದೇ ತಲೆನೋವು. ಇಲ್ಲ ಸ್ವಾಮಿ, ತೊಳ್ಕೊಂಡು ಹೋಗಿರಲ್ಲ. ಮಳೆಗೆ ಅಷ್ಟು ಸುಲಭಕ್ಕೆ ಹೋಗೋದಾಗಿದ್ದರೆ ಮಳೆಗಾಲಕ್ಕೆ ಮುಂಚೆ ನೀವು ಬೋರ್ಡೋ ಯಾಕೆ ಹೊಡೀತಿದ್ರಿ? ಒಣಗಿದ ಮೇಲೆ ಎಲೆಗೆ ಅಂಟಿಕೊಂಡು ಕೂರುತ್ತೆ ಅಂತ ತಾನೇ? ಆ ಎಲೆ ಉದುರುತ್ತೆ, ಕೊಳೆಯುತ್ತೆ, ತರಗು ಗೊಬ್ಬರವಾಗುತ್ತೆ, ತಾಮ್ರ ಆ ಕಪ್ಪು ಮಣ್ಣನ್ನೇ ಗಟ್ಟಿಯಾಗಿ ಹಿಡ್ಕೊಂಡು ಮೇಲಿನ ಒಂದು ಗೇಣಿನಲ್ಲೇ ಉಳಿಯುತ್ತೆ. ಅದು ಕೀಟನಾಶಕದ ಹಾಗೆ ಒಡೆದು ಬೇರೆ ಏನೋ ಆಗಲ್ಲ, ಲೋಹ ಲೋಹವೇ. ಮಳೆ ಮೇಲ್ಮಣ್ಣನ್ನೇ ಕೊಚ್ಚಿಕೊಂಡು ಹೋದರೆ ಅದರ ಜೊತೆ ಹೋಗುತ್ತೆ ನಿಜ, ಆದ್ರೆ ಹೋಗೋದು ಕೆಳಗಿನ ನಿಮ್ಮದೇ ಗದ್ದೆಗೆ.

ಲೆಕ್ಕ ಬೇಕಾ? ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಎಕರೆಗೆ ವರ್ಷಕ್ಕೆ ಸಾವಿರ ಲೀಟರ್, ಶೇ 0.5ರ ದ್ರಾವಣ ಅಂತಿಟ್ಟುಕೊಳ್ಳಿ. 5 ಕಿಲೋ ಮೈಲುತುತ್ತ, ಅಂದರೆ 1.25 ಕಿಲೋ ತಾಮ್ರ. ಮೂವತ್ತು ವರ್ಷಕ್ಕೆ 37 ಕಿಲೋ ದಾಟಿತು.

ಮಳೆ ನಿಜವಾಗಿ ತೊಳೆಯೋದು ಸುಣ್ಣವನ್ನ. ಅದಕ್ಕೇ ನಮ್ಮ ಮಣ್ಣು ಹುಳಿ, ಅದಕ್ಕೇ ಆಗಾಗ ತೋಟಕ್ಕೆ ಸುಣ್ಣ ಚೆಲ್ಲೋದು. ಬೋರ್ಡೋ ಕಲಸುವಾಗ ಚಾಕು ಅದ್ದಿ ನೋಡ್ತೀರಲ್ಲ, ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ? ಆ ಕೆಂಪೇ ತಾಮ್ರ. ಸುಣ್ಣ ಸಾಕಷ್ಟಿದ್ದರೆ ಅದು ಕರಗಿ ಓಡಾಡಲ್ಲ. ಮಣ್ಣಲ್ಲೂ ಕಥೆ ಹೆಚ್ಚುಕಮ್ಮಿ ಇದೇ, ಹುಳಿ ಜಾಸ್ತಿಯಾದಷ್ಟೂ ಲೋಹ ಸಡಿಲವಾಗಿ ಬೇರಿಗೆ ಸಿಗುತ್ತೆ. ಮಳೆ ನಿಮ್ಮ ಪರವಾಗಿ ಕೆಲಸ ಮಾಡ್ತಿಲ್ಲ, ತಿಳೀತಾ?

ಆರೋಗ್ಯದ್ದೇ ಚಿಂತೆಯಾದರೆ ತಾಮ್ರಕ್ಕಿಂತ ಕ್ಯಾಡ್ಮಿಯಂ ಬಗ್ಗೆ ಕೇಳಿ. ರಂಜಕದ ಗೊಬ್ಬರ ಮಾಡೋ ಕಲ್ಲಲ್ಲೇ ಅದು ಸ್ವಲ್ಪ ಸ್ವಲ್ಪ ಇರುತ್ತೆ, ಸೊಪ್ಪು ಅದನ್ನ ಸಲೀಸಾಗಿ ಹೀರುತ್ತೆ, ಮೂತ್ರಪಿಂಡಕ್ಕೆ ಸೇರಿದರೆ ಹತ್ತಾರು ವರ್ಷ ಜಾಗ ಬಿಡಲ್ಲ. ಎಲೆ ತೊಳೆದರೂ ಒಳಗಿರೋದು ಹೋಗಲ್ಲ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ತಾಮ್ರ, ಸತು ಇರುತ್ತೆ, ಕ್ಯಾಡ್ಮಿಯಂ ಇರಲ್ಲ, ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕು.

ಇನ್ನೊಂದು, ಯಾರೂ ಕೇಳದ್ದು. ಡ್ರಮ್ಮು ತೊಳೆಯೋ ಜಾಗ. ಪಂಪ್ ಶೆಡ್ಡಿನ ಪಕ್ಕ, ಪ್ರತಿ ವರ್ಷ ಅದೇ ಮೂಲೆ, ಕಲ್ಲೆಲ್ಲಾ ನೀಲಿ. ತೋಟದಲ್ಲಿ ತಾಮ್ರ ಎಲ್ಲಕ್ಕಿಂತ ಜಾಸ್ತಿ ಸಿಗೋದು ಅಲ್ಲೇ. ನೀರು ಸಿಗುತ್ತೆ ಅಂತ ಸುಮ್ನೆ ಅಲ್ಲೇ ಒಂದು ಬಸಳೆ ಬಳ್ಳಿ ಹಬ್ಬಿಸಿರ್ತೀರಿ, ನಾನೂ ಹಬ್ಬಿಸಿದ್ದೆ. ಅದನ್ನ ಬೇರೆ ಕಡೆ ನೆಡಿ. ಉಳಿದ ದ್ರಾವಣ ಕೆರೆ ಕಡೆ ಬಿಡಬೇಡಿ, ಮೀನಿಗೆ ತಾಮ್ರ ವಿಷ. ಕೊನೇ ಸಾಲಿನ ಕಾಫಿಗೇ ಹೊಡೆದು ಖಾಲಿ ಮಾಡಿ.