ಕಾಡಿನ ಗಾಳಿ ಬೇರೆ, ಅಡುಗೆಮನೆಯ ಗಾಳಿ ಬೇರೆ

ಮಲೆನಾಡಿನ ಹೆಂಗಸರಿಗೆ ಶ್ವಾಸಕೋಶದ ಕಾಯಿಲೆ ಇದೆಯೆಂದು ಹೇಳುವುದು ಸುಲಭದ ಕೆಲಸವಲ್ಲ. ಬೀಡಿ ಸೇದುವ ಗಂಡಸರು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ. ಅರವತ್ತು ದಾಟಿದ ತಾಯಿಗೆ ಅದೇ ಮಾತು ಹೇಳಿದರೆ ಜೊತೆಗೆ ಬಂದ ಮಕ್ಕಳು ವಾದಕ್ಕೆ ನಿಲ್ಲುತ್ತಾರೆ. ‘ನಮ್ಮದು ಕಾಡಿನ ಮಧ್ಯದ ಮನೆ ಡಾಕ್ಟ್ರೇ, ಬೆಂಗಳೂರಿನ ಹಾಗೆ ಹೊಗೆ ಧೂಳು ಇಲ್ಲ, ಅಮ್ಮ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ’ ಎಂಬ ಮಾತನ್ನು ತೀರ್ಥಹಳ್ಳಿಯವರಿಂದಲೂ ಕೇಳಿದ್ದೇನೆ, ಮೂಡಿಗೆರೆಯವರಿಂದಲೂ ಕೇಳಿದ್ದೇನೆ. ಅವರು ಹೇಳುವುದರಲ್ಲಿ ಒಂದೂ ಸುಳ್ಳಲ್ಲ. ಆದರೆ ಮನೆಯ ಸುತ್ತಲಿನ ಗಾಳಿ ಎಷ್ಟೇ ಶುದ್ಧವಾಗಿರಲಿ, ಆ ತಾಯಿ ನಲವತ್ತು ವರ್ಷ ದಿನಕ್ಕೆ ನಾಲ್ಕೈದು ಗಂಟೆ ಉಸಿರಾಡಿದ್ದು ಒಲೆಯ ಮುಂದಿನ ಗಾಳಿಯನ್ನು.

ಸೌದೆ ಹೊಗೆಯಲ್ಲಿ ಕಣ್ಣಿಗೆ ಉರಿ ತರಿಸುವ ಅಂಶ ಬೇರೆ, ಶ್ವಾಸಕೋಶವನ್ನು ಕೆಡಿಸುವ ಅಂಶ ಬೇರೆ. ಎರಡೂವರೆ ಮೈಕ್ರಾನ್‌ಗಿಂತ ಚಿಕ್ಕದಾದ, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗವೂ ಇಲ್ಲದ ಕಣಗಳು ಮೂಗಿನಲ್ಲೂ ಗಂಟಲಲ್ಲೂ ನಿಲ್ಲದೆ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಕಣಗಳಿಗೆ ಹಾಕಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 40. ಕಿಟಕಿ ಚಿಕ್ಕದಾಗಿ, ಅಟ್ಟಕ್ಕೆ ಇಲ್ಲಣ ಕಟ್ಟಿರುವ ಅಡುಗೆಮನೆಯಲ್ಲಿ ಒಲೆ ಉರಿಯುವಾಗ ಈ ಪ್ರಮಾಣ ನೂರುಗಳಲ್ಲಿರುವುದು ಸಾಮಾನ್ಯ. ಅಂಗಳದಾಚೆ ಎಷ್ಟು ಹಲಸು, ಮತ್ತಿ, ನಂದಿ ಮರಗಳಿದ್ದರೂ ಒಳಗಿನ ಹೊಗೆಗೆ ಅವು ಏನೂ ಮಾಡಲಾರವು.

ಇಷ್ಟು ಹೇಳಿದ ಮೇಲೆ ಬರುವ ಉತ್ತರವೇ ನನ್ನ ತಾಳ್ಮೆ ಕೆಡಿಸುವಂಥದ್ದು: ‘ಗ್ಯಾಸ್ ತಂದು ಎಷ್ಟೋ ವರ್ಷವಾಯಿತಲ್ಲ!’ ತಂದಿದ್ದಾರೆ, ನಿಜ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಸಿಲಿಂಡರ್ ಇಲ್ಲದ ಮನೆ ಅಪರೂಪ. ಆದರೆ ಆ ಗ್ಯಾಸ್ ಬೆಳಗಿನ ಕಾಫಿಗೆ, ನೆಂಟರು ಬಂದಾಗ ಉಪ್ಪಿಟ್ಟಿಗೆ. ಸ್ನಾನದ ಹಂಡೆಗೆ ಬಚ್ಚಲೊಲೆ, ದನಗಳ ಅಕ್ಕಚ್ಚಿಗೆ ಕೊಟ್ಟಿಗೆಯ ಪಕ್ಕದ ಒಲೆ, ಕುಚ್ಚಲಕ್ಕಿ ಬೇಯಿಸಲು ಹಳೆಯ ಒಲೆ, ಅಡಿಕೆ ಕೊಯ್ಲು ಶುರುವಾದರೆ ತಿಂಗಳುಗಟ್ಟಲೆ ಅಡಿಕೆ ಬೇಯಿಸುವ ಚೊಗರಿನ ಹಂಡೆಯ ಕೆಳಗೆ ಆರದ ಬೆಂಕಿ. ‘ಒಲೆ ಬಿಟ್ಟಿದ್ದೀರಾ?’ ಎಂದರೆ ‘ಬಿಟ್ಟಿದ್ದೇವೆ’ ಎನ್ನುವವರೇ ‘ನೀರು ಕಾಯಿಸುವುದು ಹೇಗೆ?’ ಎಂದು ಕೇಳಿದರೆ ನಗುತ್ತಾರೆ.

ಅರ್ಧ ಹೊಗೆ ಕಡಿಮೆಯಾದರೆ ಅರ್ಧ ರೋಗ ಕಡಿಮೆಯಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೊಗೆಯ ಪ್ರಮಾಣಕ್ಕೂ ಹಾನಿಗೂ ಇರುವ ಸಂಬಂಧ ನೇರ ಗೆರೆಯದ್ದಲ್ಲ. ಆರಂಭದ ಸ್ವಲ್ಪ ಹೊಗೆಗೇ ಹಾನಿ ಕಡಿದಾಗಿ ಏರಿ, ಆಮೇಲೆ ಏರಿಕೆ ನಿಧಾನವಾಗುತ್ತದೆ. ಹಾಗಾಗಿ ಆರುನೂರು ಇದ್ದದ್ದು ಮುನ್ನೂರಕ್ಕೆ ಇಳಿದರೆ ದೇಹಕ್ಕೆ ಸಿಗುವ ಲಾಭ ಚಿಕ್ಕದು. ಮುನ್ನೂರರಿಂದ ಮೂವತ್ತಕ್ಕೆ ಇಳಿದಾಗಲೇ ದೊಡ್ಡ ಲಾಭ. ಗ್ವಾಟೆಮಾಲಾದ ಬೆಟ್ಟದ ಹಳ್ಳಿಗಳಲ್ಲಿ ಚಿಮಣಿಯ ಒಲೆ ಕೊಟ್ಟು ಮಕ್ಕಳನ್ನು ಗಮನಿಸಿದ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮಕ್ಕಳ ಮೈಗೆ ತಾಗುವ ಹೊಗೆ ಸುಮಾರು ಅರ್ಧಕ್ಕೆ ಇಳಿದರೂ ಒಟ್ಟು ನ್ಯುಮೋನಿಯಾ ಖಚಿತವಾಗಿ ಹೇಳುವಷ್ಟು ಇಳಿಯಲಿಲ್ಲ. ತೀವ್ರ ನ್ಯುಮೋನಿಯಾ ಮಾತ್ರ ಇಳಿಯಿತು. ಭಾರತವೂ ಸೇರಿದಂತೆ ನಾಲ್ಕು ದೇಶಗಳಲ್ಲಿ ಗರ್ಭಿಣಿಯರಿಗೆ ಗ್ಯಾಸ್ ಒಲೆ ಕೊಟ್ಟು ನಡೆಸಿದ ಇತ್ತೀಚಿನ ಪ್ರಯೋಗದಲ್ಲಿ ಶಿಶುಗಳ ಜನನ ತೂಕ ನಿರೀಕ್ಷಿಸಿದಷ್ಟು ಹೆಚ್ಚಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಒಲೆ ಬದಲಿಸಿದ ಕೂಡಲೇ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ.

ಕೊಪ್ಪದ ಕಡೆಯ ಒಬ್ಬ ಅಮ್ಮ ವರ್ಷಗಳಿಂದ ನನ್ನಲ್ಲಿಗೆ ಬರುತ್ತಾರೆ. ಊದಿಸಿ ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೆಟ್ರಿಯ ಕೊಳವೆ ಕಂಡರೆ ಅವರಿಗೆ ನಗು. ‘ಗ್ಯಾಸಿನ ಸಾರಿಗೆ ರುಚಿಯಿಲ್ಲ ಮಾರಾಯ್ರೇ’ ಎನ್ನುತ್ತಿದ್ದವರನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ. ಒಪ್ಪಿಸಿದ್ದು ಅವರ ಸೊಸೆ. ಆಕೆ ವಾದ ಮಾಡದೆ ಬಚ್ಚಲಿಗೆ ಸೋಲಾರ್ ಹಾಕಿಸಿ, ಮಳೆಗಾಲಕ್ಕೆಂದು ಹೊಗೆ ಹೊರಗೆ ಹೋಗುವ ಅಸ್ತ್ರ ಒಲೆ ಕಟ್ಟಿಸಿದಳು. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಈ ಒಲೆ ನಮ್ಮ ಕಡೆ ಹಳೆಯ ಪರಿಚಯವೇ, ಆದರೆ ಅದರ ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮತ್ತೆ ಒಳಗೇ ತಿರುಗುತ್ತದೆ. ದನ ಇರುವ ಮನೆಗೆ ಗೋಬರ್ ಗ್ಯಾಸ್ ಇದಕ್ಕಿಂತ ಒಳ್ಳೆಯದು. ಶಿರಸಿ, ಸಿದ್ಧಾಪುರದ ಕಡೆ ಅದನ್ನು ಚೆನ್ನಾಗಿ ನಡೆಸಿಕೊಂಡು ಬಂದ ಮನೆಗಳಿವೆ. ಕಳೆದುಹೋದ ಶ್ವಾಸಕೋಶದ ಬಲ ಆ ಅಮ್ಮನಿಗೆ ಮರಳಿಲ್ಲ, ಆದರೆ ಚಳಿಗಾಲದಲ್ಲಿ ಆಸ್ಪತ್ರೆ ಸೇರುವುದು ಕಡಿಮೆಯಾಗಿದೆ.

ಈಗ ಸೆಕೆಯ ಮಾತು. ತೋಟದ ನೆರಳಿನಲ್ಲಿ ಕೆಲಸ ಮಾಡುವವರಿಗೆ ಬಿಸಿಲಿನ ಬಾಧೆ ಇಲ್ಲವೆಂಬ ನಂಬಿಕೆ ಗಟ್ಟಿಯಾಗಿದೆ. ನೆರಳು ಬಿಸಿಲನ್ನು ತಡೆಯುತ್ತದೆ, ಗಾಳಿಯ ತೇವವನ್ನಲ್ಲ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ದೇಹದಿಂದ ಹೋಗುತ್ತದೆ. ಮೈಮೇಲಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಹೆಚ್ಚು ಪ್ರಯೋಜನವಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 35 ಡಿಗ್ರಿ ತೋರಿಸುವವರೆಗೆ ಮನುಷ್ಯ ತಾಳಬಲ್ಲ ಎಂದು ಲೆಕ್ಕ ಹಾಕಲಾಗಿತ್ತು. ಅಮೆರಿಕದಲ್ಲಿ ಆರೋಗ್ಯವಂತ ಯುವಜನರಿಗೇ ಹಗುರ ಕೆಲಸ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ಆ ಮಿತಿ ತೇವದ ವಾತಾವರಣದಲ್ಲಿ 30–31ರ ಆಸುಪಾಸಿನಲ್ಲೇ ಮುಗಿಯಿತು. ಸೆಕೆಯಲ್ಲಿ ಉಸಿರಾಟದ ವೇಗ ಹೆಚ್ಚುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಹೊಗೆಯಿಂದ ಮೊದಲೇ ಸೊರಗಿದ ಶ್ವಾಸಕೋಶಕ್ಕೆ ಆ ಹೆಚ್ಚುವರಿ ಕೆಲಸ ಮಾಡುವ ಶಕ್ತಿ ಇರುವುದಿಲ್ಲ. ಬಿಸಿ ದಿನಗಳಲ್ಲಿ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ) ರೋಗಿಗಳು ಹೆಚ್ಚಾಗಿ ಆಸ್ಪತ್ರೆ ಸೇರುವುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತರಗೆಲೆಗೆ ಬೆಂಕಿ ಬೀಳುವ ಕಾಲವೂ ಅದೇ. 2019ರ ಬಂಡೀಪುರದ ಬೆಂಕಿಯಂಥದ್ದು ಸುದ್ದಿಯಾಗುತ್ತದೆ. ಊರ ಗುಡ್ಡದಲ್ಲಿ ದಿನಗಟ್ಟಲೆ ಹೊಗೆಯಾಡುವ ಸಣ್ಣ ಬೆಂಕಿ ಸುದ್ದಿಯಾಗುವುದಿಲ್ಲ. ತಂಪು ರಾತ್ರಿಗಳಲ್ಲಿ ಕಣಿವೆಯ ಗಾಳಿ ಮೇಲೇಳದೆ ನಿಂತುಬಿಡುವುದರಿಂದ, ಪ್ರವಾಸಿಗರು ಬೆಳಗ್ಗೆ ಮಂಜೆಂದು ಫೋಟೊ ತೆಗೆಯುವುದರಲ್ಲಿ ಹೊಗೆಯ ಪಾಲೂ ಇರಬಹುದು. ಇದೇ ತಿಂಗಳುಗಳಲ್ಲಿ ಜ್ವರ ಬಂದರೆ ಅದನ್ನು ಸೆಕೆಯ ತಲೆಗೆ ಕಟ್ಟಬೇಡಿ. ಮಂಗನ ಕಾಯಿಲೆಯ ಕಾಲವೂ ಇದೇ.

ಉಬ್ಬಸಕ್ಕೆಲ್ಲ ಹೊಗೆಯೇ ಕಾರಣವಲ್ಲ. ಹೃದಯ, ರಕ್ತಹೀನತೆ, ಅಸ್ತಮಾ, ಕ್ಷಯ ಯಾವುದೂ ಇರಬಹುದು. ಎಕ್ಸ್‌ರೇ ಚೆನ್ನಾಗಿದೆ ಎಂಬ ಕಾರಣಕ್ಕೆ ಸುಮ್ಮನಾಗದೆ ಒಮ್ಮೆ ಸ್ಪೈರೋಮೆಟ್ರಿ ಮಾಡಿಸಿ, ಬರುವಾಗ ಮನೆಯಲ್ಲಿ ಯಾವ ಯಾವ ಒಲೆ ಎಷ್ಟು ಹೊತ್ತು ಉರಿಯುತ್ತದೆಂದು ಬರೆದು ತನ್ನಿ. ಈಗಾಗಲೇ ಇನ್‌ಹೇಲರ್ ಬಳಸುವವರು ಅಡಿಕೆ ಬೇಯಿಸುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು, ಬೇಸಿಗೆ ಬರುವ ಮೊದಲು ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ ಮತ್ತು ಬಿಪಿ ಮಾತ್ರೆಯ ಪ್ರಮಾಣವನ್ನು ನಿಮ್ಮ ವೈದ್ಯರಲ್ಲಿ ಕೇಳಿಕೊಳ್ಳಬೇಕು, ತಾವಾಗಿಯೇ ನಿಲ್ಲಿಸಬಾರದು. ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸುವಷ್ಟು ಉಸಿರು ಸಾಲದಿದ್ದರೆ, ಸೆಕೆಯಲ್ಲಿ ಮಾತು ತೊದಲಿ ಗೊಂದಲವಾದರೆ ನನ್ನ ಕ್ಲಿನಿಕ್ಕಿನ ಹೊತ್ತನ್ನು ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.